ಸಾರ್ವಜನಿಕ ಭೂಮಿಯ ರಾಜಕೀಯದಿಂದ ಯೂಟಾ ರಾಜ್ಯದ ಹೊರಾಂಗಣ ವಿಹಾರದ ಆರ್ಥಿಕತೆಗೆ ಆದದ್ದೇನು?

ಕೆಂಪುಕಣಿವೆ (ಚರ್ಚೆ ಆರಂಭಿಸಿದವರು)

ಅಮೆರಿಕದ ಯೂಟಾ ರಾಜ್ಯದ ನೆಲದಲ್ಲಿ ಮೂರನೇ ಎರಡರಷ್ಟಕ್ಕೆ ತುಸು ಕಡಿಮೆ ಪಾಲು ಫೆಡರಲ್ ಸರ್ಕಾರದ ಒಡೆತನದಲ್ಲಿದೆ. ಚಾರಣ, ಬಂಡೆ ಹತ್ತುವುದು, ಬೆಟ್ಟದ ಸೈಕಲ್ ಸವಾರಿ, ನದಿಯಲ್ಲಿ ರಾಫ್ಟಿಂಗ್, ಬೇಟೆ, ಮೀನುಗಾರಿಕೆ ಎಲ್ಲವೂ ಬಹುಮಟ್ಟಿಗೆ ನಡೆಯುವುದು ಈ ನೆಲದ ಮೇಲೆಯೇ. ಹಾಗಿದ್ದೂ ಇದೇ ನೆಲದ ಒಡೆತನವನ್ನು ಪ್ರಶ್ನಿಸುವುದರಲ್ಲಿ ದೇಶದಲ್ಲೇ ಮುಂಚೂಣಿಯಲ್ಲಿರುವುದೂ ಯೂಟಾದ ಸರ್ಕಾರವೇ. ಈ ಎರಡು ಸಂಗತಿಗಳು ಒಂದೇ ರಾಜ್ಯದಲ್ಲಿ ಒಟ್ಟಿಗೆ ಇರುವುದರಿಂದ ಅಲ್ಲಿನ ವಿಹಾರದ ಆರ್ಥಿಕತೆಗೆ ಏನಾಗುತ್ತದೆ ಎಂಬುದನ್ನು ಇಲ್ಲಿ ಚರ್ಚಿಸೋಣ ಎಂದು ನನ್ನ ಕೋರಿಕೆ.

ಬಹಳ ಜನರಿಗೆ ನೆನಪಿರುವುದು 2017ರ ಪ್ರಸಂಗ. 2016ರ ಡಿಸೆಂಬರ್ 28ರಂದು ಅಧ್ಯಕ್ಷ ಒಬಾಮಾ ಅವರು 1906ರ ಪ್ರಾಚೀನ ವಸ್ತುಗಳ ಕಾಯ್ದೆಯಡಿ ಆಗ್ನೇಯ ಯೂಟಾದ ಸುಮಾರು 13.5 ಲಕ್ಷ ಎಕರೆಯನ್ನು ಬೇರ್ಸ್ ಇಯರ್ಸ್ ರಾಷ್ಟ್ರೀಯ ಸ್ಮಾರಕವೆಂದು, ಅಂದರೆ ಅಧ್ಯಕ್ಷರ ಸಹಿಯಿಂದಲೇ ರಕ್ಷಣೆ ಪಡೆಯುವ ಭೂಪ್ರದೇಶವೆಂದು, ಘೋಷಿಸಿದರು. ಆ ಘೋಷಣೆಯನ್ನು ರದ್ದುಗೊಳಿಸಬೇಕೆಂದು ಹೊಸ ಅಧ್ಯಕ್ಷ ಟ್ರಂಪ್ ಅವರನ್ನು ಕೋರುವ ನಿರ್ಣಯವನ್ನು ಯೂಟಾದ ಶಾಸಕಾಂಗ ಅಂಗೀಕರಿಸಿತು. ರಾಜ್ಯಪಾಲ ಗ್ಯಾರಿ ಹರ್ಬರ್ಟ್ ಅವರು 2017ರ ಫೆಬ್ರವರಿ 3ರಂದು ಅದಕ್ಕೆ ಸಹಿ ಹಾಕಿದರು. 1996ರಿಂದ ಯೂಟಾದ ರಾಜಧಾನಿ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆಯುತ್ತಿದ್ದ ‘ಔಟ್‌ಡೋರ್ ರೀಟೇಲರ್’ ಎಂಬ ದೊಡ್ಡ ವ್ಯಾಪಾರ ಮೇಳಕ್ಕೆ ಬರುವುದಿಲ್ಲವೆಂದು ಹೊರಾಂಗಣ ಉಡುಪಿನ ಪ್ಯಾಟಗೋನಿಯಾ ಕಂಪನಿ ಕೆಲವೇ ದಿನಗಳಲ್ಲಿ ಪ್ರಕಟಿಸಿತು. ಅದೇ ತಿಂಗಳು ರಾಜ್ಯಪಾಲರಿಗೂ ಉದ್ಯಮದ ಮುಖಂಡರಿಗೂ ದೂರವಾಣಿಯಲ್ಲಿ ನಡೆದ ಮಾತುಕತೆ ಮುರಿದುಬಿತ್ತು. 2018ರ ಜನವರಿಯಲ್ಲಿ ಮೇಳ ನಡೆದದ್ದು ಕೊಲರಾಡೊದ ಡೆನ್ವರ್‌ನಲ್ಲಿ. ವರ್ಷಕ್ಕೆ ಸುಮಾರು 4.5 ಕೋಟಿ ಡಾಲರ್ ತರುತ್ತದೆಂದು ಲೆಕ್ಕ ಹಾಕಿದ್ದ ಮೇಳ ಹೀಗೆ ನೆರೆರಾಜ್ಯದ ಪಾಲಾಯಿತು. 2022ರಲ್ಲಿ ಅದರ ಆಯೋಜಕರು ಯೂಟಾಕ್ಕೆ ಮರಳುವ ತೀರ್ಮಾನ ಮಾಡಿದಾಗ ಪ್ಯಾಟಗೋನಿಯಾ, ಆರ್‌ಇಐ, ನಾರ್ತ್ ಫೇಸ್ ಮೊದಲಾದ ಕಂಪನಿಗಳು ದೂರ ಉಳಿದವು; 2023ರ ಜನವರಿಯಲ್ಲಿ ಮೇಳ ಮರಳಿತಾದರೂ ಹಿಂದಿನ ಕಳೆ ಮರಳಲಿಲ್ಲ.

ಈ ವಿಷಯದ ಚರ್ಚೆಗಳು ಸಾಮಾನ್ಯವಾಗಿ ಈ 4.5 ಕೋಟಿಯ ಸುತ್ತಲೇ ಗಿರಕಿ ಹೊಡೆಯುತ್ತವೆ. ನನ್ನ ಅಭಿಪ್ರಾಯದಲ್ಲಿ ಅದು ಇಡೀ ಪ್ರಕರಣದ ಅತ್ಯಂತ ಸಣ್ಣ ಅಂಕಿ. ಮೇಳವನ್ನು ಬೇರೆ ಊರಿಗೆ ಸಾಗಿಸಬಹುದು, ಬಂಡೆ ಹತ್ತುವವರ ತಾಣವಾದ ಇಂಡಿಯನ್ ಕ್ರೀಕ್‌ನ ಮರಳುಗಲ್ಲಿನ ಬಿರುಕುಗಳನ್ನು ಸಾಗಿಸಲಾಗದು. ಆ ನೆಲವನ್ನೇ ನೆಚ್ಚಿಕೊಂಡು ದುಡಿಯುವ ಮಾರ್ಗದರ್ಶಿ, ಹೋಟೆಲಿನವರು, ದೋಣಿ ಬಾಡಿಗೆಗೆ ಕೊಡುವವರು ಎಲ್ಲಿಗೂ ಹೋಗಲಾರರು. ಚುನಾವಣೆಯಿಂದ ಚುನಾವಣೆಗೆ ಆ ನೆಲದ ಸ್ಥಾನಮಾನ ಬದಲಾಗುತ್ತಿದ್ದರೆ ಅವರು ಯಾವ ಧೈರ್ಯದಲ್ಲಿ ಹಣ ಹೂಡಬೇಕು? 2017ರ ಡಿಸೆಂಬರ್ 4ರಂದು ಟ್ರಂಪ್ ಅವರು ಬೇರ್ಸ್ ಇಯರ್ಸ್ ವಿಸ್ತೀರ್ಣವನ್ನು ಶೇಕಡಾ 85ರಷ್ಟು ಕಡಿತಗೊಳಿಸಿದರು. 2021ರ ಅಕ್ಟೋಬರ್ 8ರಂದು ಬೈಡನ್ ಅವರು ಅದನ್ನು ಮರಳಿ ಹಿಗ್ಗಿಸಿದರು. ಅದನ್ನು ಪ್ರಶ್ನಿಸಿ 2022ರಲ್ಲಿ ಯೂಟಾ ಸರ್ಕಾರ ನ್ಯಾಯಾಲಯದ ಮೆಟ್ಟಿಲೇರಿತು. ಈ ಅನಿಶ್ಚಿತತೆಯೇ ನಿಜವಾದ ನಷ್ಟವೆಂದು ನಾನು ಭಾವಿಸುತ್ತೇನೆ. ಒಪ್ಪದವರು ದಯವಿಟ್ಟು ಕಾರಣ ಸಮೇತ ಬರೆಯಿರಿ.

ಅಂಕಗಣಿತ

ಕೆಂಪುಕಣಿವೆಯವರೇ, ಅನಿಶ್ಚಿತತೆ ನಷ್ಟ ತರುತ್ತದೆ ಎಂಬ ಮಾತು ಕೇಳಲು ಸಮಂಜಸವಾಗಿದೆ, ಆದರೆ ಅಂಕಿಗಳಲ್ಲಿ ಅದು ಕಾಣುತ್ತದೆಯೇ ಎಂದು ಮೊದಲು ನೋಡಬೇಕು.

ಈ ಕ್ಷೇತ್ರದ ಗಾತ್ರವನ್ನು ಅಳೆಯುವ ಎರಡು ಬೇರೆ ಬೇರೆ ವಿಧಾನಗಳಿದ್ದು, ಚರ್ಚೆಗಳಲ್ಲಿ ಇವೆರಡನ್ನೂ ಬೆರೆಸಿಬಿಡುವುದು ವಾಡಿಕೆಯಾಗಿದೆ. 2017ರಲ್ಲಿ ಉದ್ಯಮದ ಸಂಘವು ದೇಶಾದ್ಯಂತ 88,700 ಕೋಟಿ ಡಾಲರ್ ಎಂಬ ಅಂಕಿಯನ್ನು ಮುಂದಿಟ್ಟಿತು. ಅದು ಗ್ರಾಹಕರು ಮಾಡುವ ಒಟ್ಟು ಖರ್ಚು. 2016ರ ಡಿಸೆಂಬರ್‌ನಲ್ಲಿ ಸಹಿಯಾದ ಕಾಯ್ದೆಯೊಂದರ ಪ್ರಕಾರ ಫೆಡರಲ್ ಸರ್ಕಾರದ ಆರ್ಥಿಕ ವಿಶ್ಲೇಷಣಾ ಬ್ಯೂರೋ ಈ ಕ್ಷೇತ್ರಕ್ಕೆ ಪ್ರತ್ಯೇಕ ಲೆಕ್ಕಪತ್ರ ಆರಂಭಿಸಿತು. ಅದು ಅಳೆಯುವುದು ಮೌಲ್ಯವರ್ಧನೆಯನ್ನು, ಅಂದರೆ ಒಟ್ಟು ದೇಶೀಯ ಉತ್ಪನ್ನಕ್ಕೆ ಸೇರುವ ಪಾಲನ್ನು. ಆ ಲೆಕ್ಕದಲ್ಲಿ 2023ರ ಅಂಕಿ 63,950 ಕೋಟಿ ಡಾಲರ್, ದೇಶದ ಉತ್ಪನ್ನದ ಶೇಕಡಾ 2.3, ಸುಮಾರು 50 ಲಕ್ಷ ಉದ್ಯೋಗಗಳು. ಯೂಟಾದಲ್ಲಿ ಈ ಪಾಲು ಶೇಕಡಾ 3ನ್ನು ಮೀರುತ್ತದೆ. ರಾಷ್ಟ್ರೀಯ ಸರಾಸರಿಗಿಂತ ಇದು ಎದ್ದುಕಾಣುವಷ್ಟು ಹೆಚ್ಚು ಎಂಬುದು ನಿಜ.

ಆದರೆ ಈ ಪಾಲಿನ ರಾಜ್ಯವಾರು ಪಟ್ಟಿಯ ಮೇಲ್ತುದಿಯಲ್ಲಿ ಮೊಂಟಾನ, ವಯೋಮಿಂಗ್‌ಗಳ ಜೊತೆಗೆ ಹವಾಯಿ ಮತ್ತು ವರ್ಮಾಂಟ್ ಕೂಡ ಕಾಣುತ್ತವೆ. ವರ್ಮಾಂಟ್‌ನಲ್ಲಿ ಫೆಡರಲ್ ಭೂಮಿ ಬಹಳ ಕಡಿಮೆ. ನೆವಾಡಾದಲ್ಲಿ ಅದು ಶೇಕಡಾ 80ರಷ್ಟಿದ್ದರೂ ಆ ರಾಜ್ಯ ಮೊದಲ ಸಾಲಿನಲ್ಲಿ ಇಲ್ಲ. ಸಾರ್ವಜನಿಕ ಭೂಮಿ ಇದ್ದಷ್ಟೂ ವಿಹಾರದ ಆದಾಯ ಹೆಚ್ಚುತ್ತದೆ ಎಂಬ ನೇರ ಸೂತ್ರ ಇಲ್ಲ ಎಂಬುದಕ್ಕೆ ಇಷ್ಟು ಸಾಕು. ಇನ್ನೊಂದು ವಿಷಯವೆಂದರೆ, ಈ ಲೆಕ್ಕಪತ್ರದಲ್ಲಿ ದೇಶಮಟ್ಟದಲ್ಲಿ ಅತಿ ದೊಡ್ಡ ಬಾಬ್ತುಗಳಲ್ಲಿ ದೋಣಿವಿಹಾರ ಮತ್ತು ವಾಸದ ವಾಹನಗಳು ಸೇರಿವೆ. ದೋಣಿ ತಯಾರಾಗುವ ಕಾರ್ಖಾನೆ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯಕ್ಕೆ ಅದರ ಮೌಲ್ಯ ಸೇರುತ್ತದೆ. ಅಲ್ಲಿ ಕೆಂಪು ಬಂಡೆಗಳಿವೆಯೋ ಇಲ್ಲವೋ ಎಂಬುದು ಮುಖ್ಯವಾಗುವುದಿಲ್ಲ.

ಇನ್ನು ಕಾಲಕ್ರಮ. ಯೂಟಾ 2013ರಲ್ಲಿ ತನ್ನ ಐದು ರಾಷ್ಟ್ರೀಯ ಉದ್ಯಾನಗಳನ್ನು ‘ಮೈಟಿ ಫೈವ್’ ಎಂಬ ಹೆಸರಿನಲ್ಲಿ ಪ್ರಚಾರ ಮಾಡತೊಡಗಿತು. ಆ ವರ್ಷ ಝಯಾನ್ ಉದ್ಯಾನಕ್ಕೆ ಬಂದವರು ಸುಮಾರು 28 ಲಕ್ಷ, 2021ರಲ್ಲಿ ಬಂದವರು 50 ಲಕ್ಷ. ಮೇಳ ಡೆನ್ವರ್‌ಗೆ ಹೋದ ವರ್ಷಗಳಲ್ಲೂ ಪ್ರವಾಸಿಗರು ಬರುತ್ತಲೇ ಇದ್ದರು. ಸ್ಮಾರಕದ ಗಡಿಯನ್ನು ಅಧ್ಯಕ್ಷರು ಬದಲಿಸಿದ್ದಕ್ಕೆ ಪ್ರವಾಸ ರದ್ದು ಮಾಡುವ ಕುಟುಂಬಗಳು ಹೆಚ್ಚಿಲ್ಲ. ಆದ್ದರಿಂದ ರಾಜಕೀಯದಿಂದ ಒಟ್ಟಾರೆ ಆದಾಯ ಕುಸಿಯಿತು ಎಂದು ಯಾರಾದರೂ ಬರೆದರೆ ಅದನ್ನು ನಾನು ಒಪ್ಪಲಾರೆ.

ಹೊಸಓದುಗ

ಅಂಕಗಣಿತ ಅವರ ವಿವರಣೆ ಓದಿದ ಮೇಲೆ ನನಗೆ ಒಂದು ಸರಳ ಪ್ರಶ್ನೆ ಉಳಿಯಿತು. ಪ್ರವಾಸಿಗರ ಸಂಖ್ಯೆ ಏರುತ್ತಲೇ ಇದೆ ಎಂದಾದರೆ, ಭೂಮಿ ಫೆಡರಲ್ ಸರ್ಕಾರದ ಬಳಿ ಇದ್ದರೇನು, ರಾಜ್ಯದ ಬಳಿ ಇದ್ದರೇನು? ಯೂಟಾ ಸರ್ಕಾರ ಅದೇ ಭೂಮಿಯನ್ನು ವಹಿಸಿಕೊಂಡು ಅದೇ ಪ್ರವಾಸಿಗರನ್ನು ಬರಮಾಡಿಕೊಂಡರೆ ವ್ಯತ್ಯಾಸವೇನು? ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ದಾಖಲೆಪ್ರಿಯ

ಹೊಸಓದುಗ ಅವರೇ, ನಿಮ್ಮ ಪ್ರಶ್ನೆಯೇ ಈ ವಿವಾದದ ಹೃದಯಭಾಗ. ಉತ್ತರ ತುಸು ಹಿಂದಿನಿಂದ ಆರಂಭವಾಗುತ್ತದೆ.

ಯೂಟಾಕ್ಕೆ ರಾಜ್ಯದ ಸ್ಥಾನ ಸಿಕ್ಕಿದ್ದು 1896ರಲ್ಲಿ. ಅದಕ್ಕೆ ದಾರಿ ಮಾಡಿಕೊಟ್ಟ 1894ರ ಕಾಯ್ದೆಯಲ್ಲಿ, ತನ್ನ ಗಡಿಯೊಳಗಿನ ಹಂಚಿಕೆಯಾಗದ ಸಾರ್ವಜನಿಕ ಭೂಮಿಯ ಮೇಲಿನ ಹಕ್ಕನ್ನು ಶಾಶ್ವತವಾಗಿ ಬಿಟ್ಟುಕೊಡುವುದಾಗಿ ಒಪ್ಪಬೇಕೆಂಬ ಷರತ್ತಿತ್ತು. ಅದಕ್ಕೆ ಪ್ರತಿಯಾಗಿ, ಸರ್ವೆಯ ಚೌಕಾಕಾರದ ಘಟಕವಾದ ಪ್ರತಿ ಟೌನ್‌ಷಿಪ್‌ನ 36 ಚದರ ಭಾಗಗಳಲ್ಲಿ ನಾಲ್ಕನ್ನು ಶಾಲೆಗಳ ನಿರ್ವಹಣೆಗಾಗಿ ರಾಜ್ಯಕ್ಕೆ ಕೊಡಲಾಯಿತು. ಇವೇ ಇಂದಿನ ಟ್ರಸ್ಟ್ ಭೂಮಿಗಳು. ಒಟ್ಟು ಸುಮಾರು 75 ಲಕ್ಷ ಎಕರೆ ದೊರೆತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮಾರಾಟವಾಗಿದ್ದು, ಈಗ ಉಳಿದಿರುವುದು ಸುಮಾರು 34 ಲಕ್ಷ. ನೆವಾಡಾದ ಕಥೆ ಇನ್ನೂ ತೀವ್ರವಾದದ್ದು: ಆ ರಾಜ್ಯ ತನ್ನ ಪಾಲಿನ 27 ಲಕ್ಷ ಎಕರೆಯಲ್ಲಿ ಕೆಲವು ಸಾವಿರ ಎಕರೆಗಳನ್ನು ಬಿಟ್ಟು ಉಳಿದೆಲ್ಲವನ್ನೂ ಮಾರಿಕೊಂಡಿತು.

ಹಾಗೆ ಮಾರಿದವರು ದುರುದ್ದೇಶದಿಂದ ಮಾರಿದರೆಂದು ನಾನು ಹೇಳುತ್ತಿಲ್ಲ. ಟ್ರಸ್ಟ್ ಭೂಮಿಯ ಕಾನೂನುಬದ್ಧ ಕರ್ತವ್ಯವೇ ಶಾಲೆಗಳಿಗೆ ಆದಾಯ ತರುವುದು. ಗಣಿಗೆ ಗುತ್ತಿಗೆ ಕೊಟ್ಟರೆ ಅಥವಾ ಹರಾಜು ಹಾಕಿದರೆ ಹೆಚ್ಚು ಹಣ ಬರುವುದಾದರೆ ಅಧಿಕಾರಿಗಳು ಹಾಗೆಯೇ ಮಾಡಬೇಕಾಗುತ್ತದೆ. 2016ರಲ್ಲಿ ಬ್ಲಫ್ ಊರಿನ ಬಳಿ, ಕೋಂಬ್ ರಿಡ್ಜ್ ಎಂಬ ಉದ್ದನೆಯ ಬಂಡೆಸಾಲಿನಲ್ಲಿ ಇಂಥ ಒಂದು ಟ್ರಸ್ಟ್ ತುಂಡು ಖಾಸಗಿಯವರಿಗೆ ಹರಾಜಾಯಿತು. ಅದರ ಸುತ್ತಲಿನ ಫೆಡರಲ್ ಭೂಮಿಯಲ್ಲಿ ಯಾರು ಬೇಕಾದರೂ ನಡೆಯಬಹುದು, ಆ ತುಂಡಿನಲ್ಲಿ ಒಡೆಯರ ಅನುಮತಿ ಬೇಕು. ಫೆಡರಲ್ ಭೂಮಿಗೆ ಅನ್ವಯಿಸುವ 1976ರ ಭೂನೀತಿ ಕಾಯ್ದೆ ಇದಕ್ಕೆ ವಿರುದ್ಧವಾದ ತತ್ವದ ಮೇಲೆ ನಿಂತಿದೆ. ಭೂಮಿಯನ್ನು ಸಾಮಾನ್ಯವಾಗಿ ಸಾರ್ವಜನಿಕ ಒಡೆತನದಲ್ಲೇ ಉಳಿಸಿಕೊಳ್ಳಬೇಕು ಮತ್ತು ಮೇವು, ಗಣಿ, ವಿಹಾರ, ವನ್ಯಜೀವಿ ಇವೆಲ್ಲ ಉಪಯೋಗಗಳಿಗೂ ಅದರಲ್ಲಿ ಜಾಗವಿರಬೇಕು ಎಂದು ಅದು ಹೇಳುತ್ತದೆ.

ರಾಜ್ಯವು 2012ರಲ್ಲಿ ಭೂ ವರ್ಗಾವಣೆಯ ಕಾಯ್ದೆಯನ್ನು ಮಾಡಿ, 2014ರ ಕೊನೆಯೊಳಗೆ ಫೆಡರಲ್ ಭೂಮಿಯನ್ನು ತನಗೆ ಒಪ್ಪಿಸಬೇಕೆಂದು ಒತ್ತಾಯಿಸಿತು. ಆ ಸಂಬಂಧ ರಾಜ್ಯವೇ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರಜ್ಞರಿಂದ ಮಾಡಿಸಿದ ಅಧ್ಯಯನ, ತೈಲ ಮತ್ತು ಅನಿಲದ ಬೆಲೆ ಎತ್ತರದಲ್ಲೇ ಇದ್ದು ಆ ಆದಾಯ ಕೈಸೇರುತ್ತಿದ್ದರೆ ಮಾತ್ರ ನಿರ್ವಹಣೆಯ ವೆಚ್ಚ ಹೊಂದಿಸಬಹುದು ಎಂಬ ಅರ್ಥದ ತೀರ್ಮಾನಕ್ಕೆ ಬಂದಿತು. ಕಾಳ್ಗಿಚ್ಚು ನಂದಿಸುವ ಖರ್ಚೊಂದೇ ರಾಜ್ಯದ ಆಯವ್ಯಯವನ್ನು ಅಲುಗಾಡಿಸಬಲ್ಲದು. ಬೆಲೆ ಕುಸಿದ ವರ್ಷ ಬೆಂಕಿಯೂ ಹೆಚ್ಚಾದರೆ ಹಣ ಹೊಂದಿಸಲು ಮಾರಾಟವೊಂದೇ ದಾರಿಯಾಗುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ: ಪ್ರವಾಸಿಗರು ಅದೇ ಇರಬಹುದು, ಆದರೆ ಪ್ರವೇಶದ ಖಾತ್ರಿ ಇರುವುದಿಲ್ಲ.

2024ರ ಆಗಸ್ಟ್‌ನಲ್ಲಿ ಯೂಟಾ 1.85 ಕೋಟಿ ಎಕರೆ ಫೆಡರಲ್ ಭೂಮಿಯ ಒಡೆತನವನ್ನು ಪ್ರಶ್ನಿಸಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಜನವರಿ 13ರಂದು ನ್ಯಾಯಾಲಯ ಆ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲು ನಿರಾಕರಿಸಿತು. ಅಲ್ಲಿಗೆ ವಿಷಯ ಮುಗಿಯಿತೆಂದು ಭಾವಿಸಬಾರದು, ಏಕೆಂದರೆ ನಿರಾಕರಣೆ ವಾದದ ಸತ್ಯಾಸತ್ಯತೆಯ ಮೇಲಿನ ತೀರ್ಪಲ್ಲ.

ಹುಲ್ಲುಗಾವಲು

ಈ ಚರ್ಚೆ ಒಂದೇ ದಿಕ್ಕಿಗೆ ವಾಲುತ್ತಿದೆ. ಮತ್ತೊಂದು ಕಡೆಯ ಮಾತನ್ನೂ ಗೌರವದಿಂದ ಕೇಳಬೇಕು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

1996ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಅವರು ದಕ್ಷಿಣ ಯೂಟಾದ ಸುಮಾರು 17 ಲಕ್ಷ ಎಕರೆಯನ್ನು ಗ್ರ್ಯಾಂಡ್ ಸ್ಟೇರ್‌ಕೇಸ್-ಎಸ್ಕಲಾಂಟೆ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಘೋಷಣಾ ಸಮಾರಂಭ ಯೂಟಾದಲ್ಲಿ ನಡೆಯಲೂ ಇಲ್ಲ. ಅದು ನಡೆದದ್ದು ನೆರೆಯ ಅರಿಝೋನದ ಗ್ರ್ಯಾಂಡ್ ಕ್ಯಾನಿಯನ್ ಅಂಚಿನಲ್ಲಿ. ಕೈಪರೋವಿಟ್ಸ್ ಪ್ರಸ್ಥಭೂಮಿಯಲ್ಲಿ ಕಲ್ಲಿದ್ದಲು ಗಣಿ ಬರುತ್ತದೆ, ಅದರಿಂದ ವರ್ಷವಿಡೀ ಸಂಬಳ ಕೊಡುವ ಕೆಲಸಗಳು ಬರುತ್ತವೆ ಎಂದು ಕಾಯುತ್ತಿದ್ದ ಕೇನ್ ಮತ್ತು ಗಾರ್ಫೀಲ್ಡ್ ಕೌಂಟಿಗಳ (ನಮ್ಮ ಜಿಲ್ಲೆಯಂಥ ಆಡಳಿತ ಘಟಕಗಳ) ಜನರಿಗೆ ಅದು ತಮ್ಮ ಬೆನ್ನ ಹಿಂದೆ ನಡೆದ ತೀರ್ಮಾನವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಆ ಗಾಯ ಇಂದಿಗೂ ಪೂರ್ತಿ ಮಾದಿಲ್ಲ. ಬೇರ್ಸ್ ಇಯರ್ಸ್ ಬಗ್ಗೆ ಹುಟ್ಟಿದ ಸಿಟ್ಟಿನ ಬೇರು ಅಲ್ಲಿದೆ.

ವಿಹಾರದ ಆರ್ಥಿಕತೆ ಕೊಡುವ ಕೆಲಸಗಳನ್ನೂ ನೋಡಬೇಕು. ಹೋಟೆಲಿನ ಕೋಣೆ ಸ್ವಚ್ಛಗೊಳಿಸುವುದು, ಊಟ ಬಡಿಸುವುದು, ಬೇಸಿಗೆಯಲ್ಲಿ ದೋಣಿ ನಡೆಸುವುದು ಇವು ಗೌರವದ ಕೆಲಸಗಳೇ ಆದರೂ ಬಹುಪಾಲು ಋತುಮಾನದ ಕೆಲಸಗಳು. ಮೋಆಬ್ ಊರಿನಲ್ಲಿ ಮನೆಗಳನ್ನು ಹೊರಗಿನವರು ರಜೆಯ ಬಾಡಿಗೆಗಾಗಿ ಕೊಂಡು ಬೆಲೆ ಏರಿಸಿದ್ದರಿಂದ, ಅಲ್ಲಿ ದುಡಿಯುವವರೇ ವಾಹನಗಳಲ್ಲಿ ಮಲಗುವ ಪರಿಸ್ಥಿತಿ ಬಂದಿದೆ. ಇದಕ್ಕೆ ಭೂಮಿಯ ಕೊರತೆಯೂ ಕಾರಣ: ಬೇರ್ಸ್ ಇಯರ್ಸ್ ಇರುವ ನೆರೆಯ ಸ್ಯಾನ್ ವಾನ್ ಕೌಂಟಿಯಲ್ಲಿ ಖಾಸಗಿ ಭೂಮಿ ಶೇಕಡಾ 8ರ ಆಸುಪಾಸು. ಫೆಡರಲ್ ಭೂಮಿಯಿಂದ ಆಸ್ತಿ ತೆರಿಗೆ ಬರುವುದಿಲ್ಲ. ಅದರ ಬದಲಿಗೆ 1976ರಿಂದ ಕೇಂದ್ರ ಕೌಂಟಿಗಳಿಗೆ ಪರಿಹಾರದ ಮೊತ್ತ ಕೊಡುತ್ತಿದೆಯಾದರೂ ಅದು ಪ್ರತಿ ವರ್ಷ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಮರ್ಜಿಯನ್ನು ಕಾಯಬೇಕಾದ ಹಣ. ಶಾಲೆ, ರಸ್ತೆ ಮತ್ತು ದಾರಿ ತಪ್ಪಿದ ಪ್ರವಾಸಿಗರನ್ನು ಹುಡುಕಿ ತರುವ ಶೋಧ ತಂಡದ ಖರ್ಚು ಇವೆಲ್ಲ ಆ ಸಣ್ಣ ಕೌಂಟಿಯ ಹೆಗಲ ಮೇಲಿವೆ.

ದೂರದ ನಗರದಲ್ಲಿ ಕುಳಿತ ಉಡುಪಿನ ಕಂಪನಿಯೊಂದು ಈ ಜನರ ಶಾಸಕರಿಗೆ ಷರತ್ತು ಹಾಕಿದಾಗ ಅದು ಒತ್ತಡಕ್ಕಿಂತ ಹೆಚ್ಚಾಗಿ ಅವಮಾನವಾಗಿ ಕೇಳಿಸಿತು. ಬಹಿಷ್ಕಾರದಿಂದ ರಾಜ್ಯದ ನೀತಿ ಒಂದಿಂಚೂ ಬದಲಾಗಲಿಲ್ಲ ಎಂಬುದನ್ನು ಮುಂದಿನ ಎಂಟು ವರ್ಷಗಳು ತೋರಿಸಿವೆ.

ಕೆಂಪುಕಣಿವೆ

ಹುಲ್ಲುಗಾವಲು ಅವರ ಬರಹಕ್ಕೆ ಧನ್ಯವಾದ. ವಸತಿ ಮತ್ತು ಸಂಬಳದ ಬಗ್ಗೆ ನೀವು ಬರೆದದ್ದನ್ನು ಒಪ್ಪುತ್ತೇನೆ. ಬಹಿಷ್ಕಾರ ಫಲಿಸಲಿಲ್ಲ ಎಂಬುದೂ ನಿಜ.

ಆದರೆ ಗಣಿಯ ಕೆಲಸ ಸ್ಥಿರವಾದದ್ದು ಎಂಬ ನಿಮ್ಮ ಮಾತಿಗೆ ಮೋಆಬ್‌ನ ಚರಿತ್ರೆಯೇ ತೊಡಕಾಗಿದೆ. 1952ರಲ್ಲಿ ಅದರ ದಕ್ಷಿಣಕ್ಕೆ ದೊಡ್ಡ ಯುರೇನಿಯಂ ನಿಕ್ಷೇಪ ಸಿಕ್ಕಿ ಊರು ಏಕಾಏಕಿ ಬೆಳೆಯಿತು. 1980ರ ದಶಕದಲ್ಲಿ ಬೇಡಿಕೆ ಕುಸಿದಾಗ ಅದಿರು ಸಂಸ್ಕರಣೆಯ ಕಾರ್ಖಾನೆ ಮುಚ್ಚಿತು, ಜನ ಮನೆಗಳನ್ನು ಬಿಟ್ಟು ಹೋದರು. ಕೊಲರಾಡೊ ನದಿಯ ದಡದಲ್ಲಿ ಉಳಿದುಹೋದ ಸುಮಾರು 1.6 ಕೋಟಿ ಟನ್ ತ್ಯಾಜ್ಯವನ್ನು ರೈಲಿನಲ್ಲಿ ಬೇರೆಡೆಗೆ ಸಾಗಿಸುವ ಕೆಲಸವನ್ನು ಫೆಡರಲ್ ಸರ್ಕಾರ ಹಲವು ವರ್ಷಗಳಿಂದ ಮಾಡುತ್ತಿದೆ. ಊರಿಗೆ ಮತ್ತೆ ಜೀವ ಬಂದದ್ದು, 1969ರಲ್ಲಿ ಮೋಟಾರ್ ಸೈಕಲ್ಲಿಗೆಂದು ಗುರುತು ಹಾಕಿದ್ದ ಸ್ಲಿಕ್‌ರಾಕ್ ದಾರಿಯನ್ನು ಬೆಟ್ಟದ ಸೈಕಲ್ ಸವಾರರು ಕಂಡುಕೊಂಡಾಗ.

2020ರಲ್ಲಿ ಆ ದಾರಿಯ ಭಾಗಗಳೂ ಸೇರಿದ್ದ ನೆಲ ತೈಲ ಮತ್ತು ಅನಿಲ ಗುತ್ತಿಗೆಯ ಪ್ರಸ್ತಾಪದಲ್ಲಿ ಕಾಣಿಸಿಕೊಂಡಾಗ ವಿರೋಧಿಸಿದವರಲ್ಲಿ ಮೋಆಬ್ ನಗರಸಭೆ, ಆ ಊರಿರುವ ಗ್ರ್ಯಾಂಡ್ ಕೌಂಟಿ ಮತ್ತು ಸ್ಥಳೀಯ ವ್ಯಾಪಾರಿಗಳು ಇದ್ದರು. ಬೇರ್ಸ್ ಇಯರ್ಸ್ ವಿರುದ್ಧದ ನಿರ್ಣಯಕ್ಕೆ ಸಹಿ ಹಾಕಿದ್ದ ಅದೇ ರಾಜ್ಯಪಾಲ ಹರ್ಬರ್ಟ್ ಅವರೂ ಮುಂದೂಡುವಂತೆ ಕೇಳಿಕೊಂಡರು. ಕೊನೆಗೆ ಆ ತುಂಡುಗಳನ್ನು ಕೈಬಿಡಲಾಯಿತು. ದೂರದ ಕಂಪನಿಗಳಿಗೆ ಬಗ್ಗದ ರಾಜ್ಯ ತನ್ನದೇ ಊರಿನ ಅಂಗಡಿಯವರ ಮಾತಿಗೆ ಬಗ್ಗಿತು. ಬಹಿಷ್ಕಾರದ ಬಗ್ಗೆ ನೀವು ಹೇಳಿದ್ದಕ್ಕೆ ಇದು ಪುಷ್ಟಿಯನ್ನೇ ಕೊಡುತ್ತದೆ, ಆದರೆ ರಾಜಕೀಯಕ್ಕೂ ವಿಹಾರದ ಆದಾಯಕ್ಕೂ ಸಂಬಂಧವಿದೆ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ತೋರಿಸುತ್ತದೆ.

ನಾಲ್ಕುಮೂಲೆ

ಇಷ್ಟೂ ಬರಹಗಳಲ್ಲಿ ಬೇರ್ಸ್ ಇಯರ್ಸ್ ಹೆಸರು ಹಲವು ಬಾರಿ ಬಂದಿದೆ. ಅದನ್ನು ಸ್ಮಾರಕವಾಗಿಸಬೇಕೆಂದು ಕೇಳಿದವರ ಹೆಸರು ಒಮ್ಮೆಯೂ ಬರಲಿಲ್ಲ. ಇದು ನನಗೆ ನೋವು ತಂದಿತು. ನವಾಹೋ, ಹೋಪಿ, ಝುನಿ, ಯೂಟ್ ಮೌಂಟನ್ ಯೂಟ್ ಮತ್ತು ಯೂಟ್ ಎಂಬ ಐದು ಮೂಲನಿವಾಸಿ ರಾಷ್ಟ್ರಗಳು ಒಂದುಗೂಡಿ 2015ರಲ್ಲಿ ಆ ಬೇಡಿಕೆಯನ್ನು ಸಲ್ಲಿಸಿದವು. ಅಲ್ಲಿ ಅವರ ಪೂರ್ವಜರ ಮನೆಗಳಿವೆ, ಸಮಾಧಿಗಳಿವೆ, ಇಂದಿಗೂ ಔಷಧಿಯ ಗಿಡ ಮತ್ತು ಸೌದೆ ತರುವ ಜಾಗಗಳಿವೆ. 2017ರ ಕಡಿತದ ವಿರುದ್ಧ ಮೊದಲು ನ್ಯಾಯಾಲಯಕ್ಕೆ ಹೋದವರೂ ಅವರೇ. ಪ್ಯಾಟಗೋನಿಯಾದ ಜಾಲತಾಣ ಕಪ್ಪು ಬಣ್ಣಕ್ಕೆ ತಿರುಗಿದ್ದು ಸುದ್ದಿಯಾಯಿತು, ಇದು ಅಷ್ಟಾಗಿ ಸುದ್ದಿಯಾಗಲಿಲ್ಲ.

ಆರ್ಥಿಕತೆಯ ವಿಷಯಕ್ಕೂ ಇದು ಸಂಬಂಧಿಸಿದ್ದೇ. ಸ್ಯಾನ್ ವಾನ್ ಕೌಂಟಿಯ ಜನಸಂಖ್ಯೆಯ ಸರಿಸುಮಾರು ಅರ್ಧದಷ್ಟು ಜನ ಮೂಲನಿವಾಸಿಗಳು. ‘ಸ್ಥಳೀಯರು ಸ್ಮಾರಕದ ವಿರುದ್ಧ’ ಎಂದು ರಾಜ್ಯದ ನಾಯಕರು ಹೇಳಿದಾಗಲೆಲ್ಲ ಆ ಅರ್ಧವನ್ನು ಲೆಕ್ಕದಿಂದ ಬಿಟ್ಟಿರುತ್ತಾರೆ. ನ್ಯಾಯಾಲಯದ ಆದೇಶದಿಂದ ಚುನಾವಣಾ ಕ್ಷೇತ್ರಗಳನ್ನು ಮರುರೂಪಿಸಿದ ಮೇಲೆ, 2018ರ ಚುನಾವಣೆಯಲ್ಲಿ ಮೂವರು ಸದಸ್ಯರ ಕೌಂಟಿ ಆಯೋಗದಲ್ಲಿ ಮೊದಲ ಬಾರಿಗೆ ನವಾಹೋ ಬಹುಮತ ಬಂದಿತು, ಮತ್ತು ಕೌಂಟಿಯ ಅಧಿಕೃತ ನಿಲುವು ಸ್ಮಾರಕದ ಪರವಾಗಿ ತಿರುಗಿತು.

ಹೊರಾಂಗಣ ವಿಹಾರವನ್ನು ಬೆಂಬಲಿಸುವವರಿಗೂ ನನ್ನದೊಂದು ಮಾತು. ಜಾಗವೊಂದು ಹೆಸರಾದ ಕೂಡಲೇ ಅಲ್ಲಿಗೆ ವಾಹನಗಳು ಬರುತ್ತವೆ. ಹಳೆಯ ಗೋಡೆಗಳ ಮೇಲೆ ಹತ್ತುವವರು, ಮಡಕೆಚೂರು ಹೊತ್ತೊಯ್ಯುವವರು ಬರುತ್ತಾರೆ. ಕಾವಲಿಗೆ ಜನರಿಲ್ಲದೆ ಹೆಸರು ಮಾತ್ರ ಬಂದರೆ ಆಗುವ ಹಾನಿಯನ್ನು ಯಾವ ಆದಾಯದ ಪಟ್ಟಿಯೂ ತೋರಿಸುವುದಿಲ್ಲ. 2022ರ ಜೂನ್‌ನಲ್ಲಿ ಐದು ರಾಷ್ಟ್ರಗಳೂ ಫೆಡರಲ್ ಸಂಸ್ಥೆಗಳೂ ಸಹನಿರ್ವಹಣೆಯ ಒಪ್ಪಂದಕ್ಕೆ ಸಹಿ ಹಾಕಿದವು. ಸ್ಮಾರಕದ ಗಡಿ ಮತ್ತೆ ಕುಗ್ಗಿದರೆ ಆ ಒಪ್ಪಂದ ಅನ್ವಯಿಸುವ ನೆಲವೂ ಕುಗ್ಗುತ್ತದೆ.

ಗಾಳಹಾಕುವವ

ನಾನು ಮೀನು ಹಿಡಿಯುವವರ ಮತ್ತು ಬೇಟೆಗಾರರ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ಈ ವಿಷಯವನ್ನು ಎರಡು ಪಕ್ಷಗಳ ಜಗಳವೆಂದು ಓದುವುದು ತಪ್ಪು.

2017ರ ಜನವರಿಯಲ್ಲಿ ಯೂಟಾದ ರಿಪಬ್ಲಿಕನ್ ಸಂಸದ ಜೇಸನ್ ಶೇಫೆಟ್ಸ್ ಅವರು ಹತ್ತು ಪಶ್ಚಿಮ ರಾಜ್ಯಗಳಲ್ಲಿ ಸುಮಾರು 33 ಲಕ್ಷ ಎಕರೆ ಮಾರುವ ಮಸೂದೆ ಮಂಡಿಸಿದರು. ಅದನ್ನು ಹಿಮ್ಮೆಟ್ಟಿಸಿದ್ದು ಬಹುಪಾಲು ಅವರದೇ ಪಕ್ಷಕ್ಕೆ ಮತ ಹಾಕುವ ಬೇಟೆಗಾರರು. ಫೆಬ್ರವರಿಯ ಮೊದಲ ದಿನಗಳಲ್ಲೇ, ಅಂದರೆ ಬೇರ್ಸ್ ಇಯರ್ಸ್ ನಿರ್ಣಯಕ್ಕೆ ಸಹಿ ಬಿದ್ದ ಅದೇ ವಾರದಲ್ಲಿ, ಶೇಫೆಟ್ಸ್ ಅವರು ಮಸೂದೆಯನ್ನು ಹಿಂತೆಗೆದರು. 2025ರ ಜೂನ್‌ನಲ್ಲಿ ಯೂಟಾದ ಸೆನೆಟರ್ ಮೈಕ್ ಲೀ ಅವರು ಹನ್ನೊಂದು ರಾಜ್ಯಗಳಲ್ಲಿ ಲಕ್ಷಗಟ್ಟಲೆ ಎಕರೆ ಮಾರುವ ಅಂಶವನ್ನು ಆಯವ್ಯಯದ ಮಸೂದೆಗೆ ಸೇರಿಸಲು ಹೊರಟಾಗ, ಐಡಾಹೊ ಮತ್ತು ಮೊಂಟಾನದ ಅವರದೇ ಪಕ್ಷದ ಸೆನೆಟರುಗಳು ಒಪ್ಪಲಿಲ್ಲ. ತಿಂಗಳ ಕೊನೆಗೆ ಅದೂ ಹಿಂದೆ ಸರಿಯಿತು. ಅದಕ್ಕೂ ಮುನ್ನ ಕೆಳಮನೆಯಲ್ಲಿ ಬಂದಿದ್ದ ಅಂಥದೇ ಪ್ರಸ್ತಾಪವನ್ನು ತಡೆದವರಲ್ಲಿ ಮೊಂಟಾನದ ರಯಾನ್ ಝಿಂಕಿ ಪ್ರಮುಖರು. 2017ರಲ್ಲಿ ಆಂತರಿಕ ಖಾತೆಯ ಸಚಿವರಾಗಿ ಬೇರ್ಸ್ ಇಯರ್ಸ್ ಕುಗ್ಗಿಸಲು ಶಿಫಾರಸು ಮಾಡಿದವರೂ ಅವರೇ. ಗಡಿಯನ್ನು ಕುಗ್ಗಿಸುವುದು ಒಂದು, ಮಾರುವುದು ಇನ್ನೊಂದು ಎಂಬ ಗೆರೆಯನ್ನು ಮೊಂಟಾನದ ಮತದಾರರು ಸ್ಪಷ್ಟವಾಗಿ ಎಳೆದಿದ್ದಾರೆ. ಆ ರಾಜ್ಯದ ವಿಹಾರದ ಆದಾಯದ ಪಾಲು ಯೂಟಾಕ್ಕಿಂತ ಹೆಚ್ಚು ಎಂದು ಮೇಲೆ ಅಂಕಗಣಿತ ಅವರು ಕೊಟ್ಟ ಪಟ್ಟಿಯಿಂದ ತಿಳಿಯುತ್ತದೆ. 1985ರಿಂದಲೂ ಅಲ್ಲಿ ಹೊಳೆಗಳಿಗೆ ಸಾರ್ವಜನಿಕ ಪ್ರವೇಶದ ಕಾನೂನಿದ್ದು, ಹೊಳೆಯ ದಡ ಖಾಸಗಿಯಾದರೂ ನೀರಿನ ಗಡಿಯೊಳಗೆ ನಡೆದು ಗಾಳ ಹಾಕುವ ಹಕ್ಕು ಜನರಿಗಿದೆ. ಆ ಭರವಸೆಯ ಮೇಲೆ ಎಷ್ಟೋ ಸಣ್ಣ ಊರುಗಳ ಅಂಗಡಿಗಳು ನಡೆಯುತ್ತಿವೆ.

ಅಂಕಗಣಿತ

ಗಾಳಹಾಕುವವರ ಬರಹ ನನ್ನನ್ನು ಯೋಚನೆಗೆ ಹಚ್ಚಿತು. ಒಟ್ಟು ಆದಾಯ ಕುಸಿಯಲಿಲ್ಲ ಎಂಬ ನನ್ನ ಮಾತು ಈಗಲೂ ನಿಲ್ಲುತ್ತದೆ, ಆದರೆ ರಾಜಕೀಯದ ಪರಿಣಾಮ ನೇರವಾಗಿ ಹಣದ ಲೆಕ್ಕದಲ್ಲೇ ಸಿಗುವ ಒಂದು ಪ್ರಕರಣವಿದೆ, ಅದನ್ನು ಇಲ್ಲಿ ದಾಖಲಿಸಬೇಕು.

2013ರ ಅಕ್ಟೋಬರ್‌ನಲ್ಲಿ ಫೆಡರಲ್ ಸರ್ಕಾರದ ಕೆಲಸ ಸ್ಥಗಿತಗೊಂಡು ರಾಷ್ಟ್ರೀಯ ಉದ್ಯಾನಗಳ ಬಾಗಿಲು ಮುಚ್ಚಿದಾಗ, ಯೂಟಾ ಸರ್ಕಾರ ತನ್ನ ಬೊಕ್ಕಸದಿಂದ ಸುಮಾರು 16.7 ಲಕ್ಷ ಡಾಲರ್ ಕಳುಹಿಸಿ ಎಂಟು ತಾಣಗಳನ್ನು ಹತ್ತು ದಿನಗಳ ಮಟ್ಟಿಗೆ ತೆರೆಸಿತು. ವರ್ಗಾವಣೆಯ ಕಾಯ್ದೆ ಮಾಡಿ ಆಗಿನ್ನೂ ಎರಡು ವರ್ಷವೂ ಕಳೆದಿರಲಿಲ್ಲ. ಹೊರಾಂಗಣ ವಿಹಾರಕ್ಕೆಂದೇ ಪ್ರತ್ಯೇಕ ಕಚೇರಿ ತೆರೆದ ದೇಶದ ಮೊದಲ ರಾಜ್ಯವೂ ಯೂಟಾವೇ, ಅದೂ ಅದೇ 2013ರಲ್ಲಿ. ಶರತ್ಕಾಲದ ಹತ್ತು ದಿನಗಳ ಬಾಗಿಲು ಮುಚ್ಚಿದರೆ ಸ್ಪ್ರಿಂಗ್‌ಡೇಲ್, ಟೋರಿಯಂಥ ಊರುಗಳಿಗೆ ಏನಾಗುತ್ತದೆಂದು ರಾಜ್ಯ ಸರ್ಕಾರಕ್ಕೆ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಈ ಪಾವತಿಗಿಂತ ಬೇರೆ ಪುರಾವೆ ಬೇಕಿಲ್ಲ.

ಅದೇ ಕಾರಣಕ್ಕೆ ನನ್ನ ಕಣ್ಣಿರುವುದು ಸಿಬ್ಬಂದಿ ಮತ್ತು ನಿರ್ವಹಣೆಯ ಹಣದ ಮೇಲೆ. 2020ರ ಆಗಸ್ಟ್‌ನಲ್ಲಿ ಎರಡೂ ಪಕ್ಷಗಳ ಬೆಂಬಲದಿಂದ ಬಂದ ಕಾಯ್ದೆ, ಕಡಲಿನ ತೈಲದ ಆದಾಯದಿಂದ ಭೂಸಂರಕ್ಷಣಾ ನಿಧಿಗೆ ವರ್ಷಕ್ಕೆ 90 ಕೋಟಿ ಡಾಲರ್ ಕಡ್ಡಾಯವಾಗಿ ಸೇರುವಂತೆ ಮಾಡಿತು. 2025ರ ಫೆಬ್ರವರಿಯಲ್ಲಿ ಉದ್ಯಾನ ಸೇವೆಯ ಸುಮಾರು 1,000 ಹೊಸ ನೌಕರರನ್ನು ತೆಗೆದುಹಾಕಲಾಯಿತು. ಆರ್ಚಸ್ ಉದ್ಯಾನದಲ್ಲಿ ನೂಕುನುಗ್ಗಲು ತಡೆಯಲು 2022ರಿಂದ ಸಮಯ ನಿಗದಿಯ ಪ್ರವೇಶ ಜಾರಿಗೆ ಬಂದಿತ್ತು. ಅಂಥ ವ್ಯವಸ್ಥೆ ನಡೆಸಲೂ ಕೈಗಳು ಬೇಕು. ಶೌಚಾಲಯ ಸ್ವಚ್ಛವಾಗಿಲ್ಲದ, ದಾರಿ ಕೊಚ್ಚಿಹೋದ ಜಾಗಕ್ಕೆ ಜನ ಒಮ್ಮೆ ಬರುತ್ತಾರೆ, ಎರಡನೆಯ ಬಾರಿ ಯೋಚಿಸುತ್ತಾರೆ. ಇದು ಅಂಕಿಗಳಲ್ಲಿ ಕಾಣಲು ಕೆಲವು ವರ್ಷಗಳು ಬೇಕಾಗುತ್ತವೆ.

ಹುಲ್ಲುಗಾವಲು

ಹಾಗಾದರೆ ಒಪ್ಪಬಹುದಾದ ದಾರಿ ಯಾವುದು? ಅಧ್ಯಕ್ಷರ ಸಹಿಯಿಂದ ಬಂದದ್ದು ಮುಂದಿನ ಅಧ್ಯಕ್ಷರ ಸಹಿಯಿಂದ ಹೋಗುವುದಾದರೆ, ಸ್ಥಳೀಯರಿಗೂ ಮಾರ್ಗದರ್ಶಿಗಳಿಗೂ ಇಬ್ಬರಿಗೂ ನೆಮ್ಮದಿಯಿಲ್ಲ.

ದಾಖಲೆಪ್ರಿಯ

ಯೂಟಾದಲ್ಲೇ ಎರಡು ಉದಾಹರಣೆಗಳಿವೆ, ಎರಡೂ ಕಾಂಗ್ರೆಸ್ ಮೂಲಕ ಆದವು.

ಮೊದಲನೆಯದು 1998ರ ಭೂ ವಿನಿಮಯ. ಎಸ್ಕಲಾಂಟೆ ಸ್ಮಾರಕದೊಳಗೆ ಸಿಕ್ಕಿಹಾಕಿಕೊಂಡಿದ್ದ ಶಾಲಾ ಟ್ರಸ್ಟ್ ತುಂಡುಗಳನ್ನು ರಾಜ್ಯ ಬಿಟ್ಟುಕೊಟ್ಟಿತು. ಪ್ರತಿಯಾಗಿ ಬೇರೆಡೆ ಭೂಮಿಯನ್ನೂ ಖನಿಜದ ಹಕ್ಕುಗಳನ್ನೂ 5 ಕೋಟಿ ಡಾಲರ್ ನಗದನ್ನೂ ಪಡೆಯಿತು. ಸ್ಮಾರಕವನ್ನು ಕಟುವಾಗಿ ವಿರೋಧಿಸಿದ್ದ ರಾಜ್ಯವೇ ಶಾಲೆಗಳ ಹೆಸರಿನಲ್ಲಿ ಈ ಒಪ್ಪಂದಕ್ಕೆ ಬಂದಿತು.

ಎರಡನೆಯದು ಎಮರಿ ಕೌಂಟಿ. ಅದು ಕಲ್ಲಿದ್ದಲು ಗಣಿ ಮತ್ತು ವಿದ್ಯುತ್ ಸ್ಥಾವರಗಳ ಕೌಂಟಿ, ಸ್ಮಾರಕ ಘೋಷಣೆಯ ಭಯ ಅವರಿಗೂ ಇತ್ತು. ಅಲ್ಲಿನ ಆಡಳಿತ ಜಾನುವಾರು ಸಾಕಣೆದಾರರು, ಗಣಿಯವರು, ಮೋಟಾರು ವಾಹನದ ಸವಾರರು, ಸಂರಕ್ಷಣಾ ಸಂಘಗಳು ಎಲ್ಲರನ್ನೂ ವರ್ಷಗಟ್ಟಲೆ ಮಾತಿಗೆ ಕೂರಿಸಿತು. ಫಲವಾಗಿ ಸ್ಯಾನ್ ರಾಫೆಲ್ ಸ್ವೆಲ್ ಸುತ್ತಮುತ್ತ ಸುಮಾರು 6.6 ಲಕ್ಷ ಎಕರೆ ಸಂರಕ್ಷಿತ ವನ್ಯಪ್ರದೇಶವಾಯಿತು, ಸುಮಾರು 2.17 ಲಕ್ಷ ಎಕರೆ ವಿಹಾರ ಪ್ರದೇಶವಾಯಿತು, ಗ್ರೀನ್ ನದಿಯ ಒಂದು ಭಾಗಕ್ಕೆ ರಕ್ಷಣೆ ದೊರೆಯಿತು. 2019ರ ಡಿಂಗೆಲ್ ಕಾಯ್ದೆಯ ಭಾಗವಾಗಿ ಇದು ಸೆನೆಟ್‌ನಲ್ಲಿ 92-8 ಮತಗಳಿಂದ ಅಂಗೀಕಾರವಾಯಿತು. ಮಾರ್ಚ್ 12ರಂದು ಸಹಿ ಹಾಕಿದವರು ಬೇರ್ಸ್ ಇಯರ್ಸ್ ಕುಗ್ಗಿಸಿದ ಅದೇ ಅಧ್ಯಕ್ಷರು. ಕಾಯ್ದೆಯಿಂದ ಆದದ್ದನ್ನು ಬದಲಿಸಲು ಇನ್ನೊಂದು ಕಾಯ್ದೆಯೇ ಬೇಕು.

ಭೂ ನಿರ್ವಹಣಾ ಬ್ಯೂರೋ ಮಾರ್ಗದರ್ಶಕ ಸಂಸ್ಥೆಗಳಿಗೆ ಗರಿಷ್ಠ ಹತ್ತು ವರ್ಷಗಳ ಪರವಾನಗಿ ಕೊಡಬಲ್ಲದು. ಎಮರಿಯಲ್ಲಿ ಅಂಥ ಪರವಾನಗಿ ಹಿಡಿದವರು ಎರಡು ಅಧ್ಯಕ್ಷೀಯ ಚುನಾವಣೆಗಳಾಚೆಗೂ ಗಡಿ ಎಲ್ಲಿದೆ ಎಂದು ತಿಳಿದು ದೋಣಿ ಕೊಳ್ಳಬಹುದು, ಜನರನ್ನು ನೇಮಿಸಿಕೊಳ್ಳಬಹುದು. ಸ್ಯಾನ್ ವಾನ್ ಕೌಂಟಿಯಲ್ಲಿ ಅದು ಸಾಧ್ಯವಿಲ್ಲ. ಪ್ರಾಚೀನ ವಸ್ತುಗಳ ಕಾಯ್ದೆಯಡಿ ಘೋಷಿಸಿದ ಸ್ಮಾರಕವನ್ನು ಅಧ್ಯಕ್ಷರು ಪೂರ್ತಿ ರದ್ದುಗೊಳಿಸಬಹುದೆಂದು 2025ರಲ್ಲಿ ನ್ಯಾಯಾಂಗ ಇಲಾಖೆ ಅಭಿಪ್ರಾಯ ಕೊಟ್ಟು, 1938ರಿಂದ ಇದ್ದ ತನ್ನ ನಿಲುವನ್ನು ತಿರುಗಿಸಿದೆ. ಎಮರಿಯ ಮಾದರಿಗೆ ನನ್ನ ಒಂದೇ ಆಕ್ಷೇಪವೆಂದರೆ, ಸಂಸದ ರಾಬ್ ಬಿಷಪ್ ಅವರು ಆಗ್ನೇಯ ಯೂಟಾಕ್ಕಾಗಿ ಇಂಥದೇ ಕಾಯ್ದೆ ತರಲು ಹೊರಟಾಗ ಮೂಲನಿವಾಸಿ ರಾಷ್ಟ್ರಗಳು ತಮ್ಮ ಮಾತಿಗೆ ಬೆಲೆ ಸಿಗಲಿಲ್ಲವೆಂದು ಮಾತುಕತೆಯಿಂದ ಹೊರನಡೆದವು, ಮಸೂದೆಯೂ ಬಿದ್ದುಹೋಯಿತು. ಬೇರ್ಸ್ ಇಯರ್ಸ್ ವಿಷಯದಲ್ಲಿ ಮತ್ತೆ ಅಂಥ ಪ್ರಯತ್ನ ನಡೆಯುವುದಾದರೆ, ಆ ಐದು ರಾಷ್ಟ್ರಗಳು ಮೊದಲ ಕರಡಿನಿಂದಲೇ ಅದನ್ನು ಬರೆಯುವವರಲ್ಲಿ ಇರಬೇಕು.